ಅಮ್ಮನ ಸೊಪ್ಪು, ಕೆರೆಯ ಗೋಡು

ನಮ್ಮ ಅಮ್ಮನಿಗೆ ಸೊಪ್ಪಿನ ಹುಚ್ಚು. ಹುಚ್ಚು ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ಆದರೆ ನನಗೆ ಬೇರೆ ಪದ ಸಿಕ್ಕಿಲ್ಲ. ವೈಟ್‌ಫೀಲ್ಡ್ ಆಚೆಗಿನ ನಮ್ಮ ಊರಿನ ಹೊಲಗಳ ಮೇಲೆಲ್ಲ ಅಪಾರ್ಟ್‌ಮೆಂಟುಗಳು ಎದ್ದವು. ನಮ್ಮ ಹೊಲದಲ್ಲಿ ಈಗ ಈಜುಕೊಳವಿದೆ. ಅಪ್ಪ ನಾಲ್ಕಂತಸ್ತಿನ ಬಾಡಿಗೆ ಮನೆ ಕಟ್ಟಿಸಿ, ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಾಡಿಗೆಯವರ ಗಾಡಿಗಳು ಸರಿಯಾಗಿ ನಿಂತಿವೆಯೇ ಎಂದು ನೋಡುವುದನ್ನೇ ಉದ್ಯೋಗ ಮಾಡಿಕೊಂಡ. ಅಮ್ಮ ಮಾತ್ರ ಕೆರೆಯ ಅಂಚಿನಲ್ಲಿ ಉಳಿದ ಒಂದು ತುಂಡು ನೆಲವನ್ನು ಬಿಟ್ಟುಕೊಡಲಿಲ್ಲ. ಕೇಳಲು ಬಂದ ಬಿಲ್ಡರ್‌ಗಳಿಗೆ ಕಾಫಿ ಕೊಟ್ಟು, ಒಂದೊಂದು ಕಟ್ಟು ದಂಟಿನ ಸೊಪ್ಪನ್ನೂ ಕೊಟ್ಟು ಕಳಿಸುತ್ತಿದ್ದಳು.

ಬೆಳಿಗ್ಗೆ ಎದ್ದರೆ ಸೀರೆಯ ಮೇಲೆ ಅಪ್ಪನ ಹಳೇ ಶರ್ಟು, ಕೈಯಲ್ಲಿ ಕುಡುಗೋಲು. ದಂಟು, ಕೀರೆ, ಚಕ್ಕೋತ, ಸಬ್ಬಸಿಗೆ, ಮೆಂತ್ಯ, ಇವೆಲ್ಲ ಮಡಿಗಳಲ್ಲಿ. ಬದುವಿನ ಮೇಲೆ ತಾನಾಗಿ ಹಬ್ಬಿದ ಹೊನಗೊನೆ. ಕೆರೆಯಿಂದ ಒಂದು ಸಣ್ಣ ಮೋಟರಿನಲ್ಲಿ ನೀರು. ಸೊಪ್ಪು ಎಷ್ಟು ಸೊಂಪಾಗಿ ಬರುತ್ತಿತ್ತೆಂದರೆ ಎದುರಿನ ಅಪಾರ್ಟ್‌ಮೆಂಟಿನ ಹೆಂಗಸರು ವಾಕಿಂಗ್ ಮುಗಿಸಿ ಶೂ ಹಾಕಿಕೊಂಡೇ ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಆರ್ಗ್ಯಾನಿಕ್ಕಾ ಆಂಟಿ ಎಂದು ಯಾರಾದರೂ ಕೇಳಿದರೆ ಅಮ್ಮ, "ಇದು ಸೊಪ್ಪು ಕಣವ್ವ, ದಂಟಿನ್ ಸೊಪ್ಪು," ಎಂದು ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದಳು.

ನಾನು ಬೊಮ್ಮಸಂದ್ರದಲ್ಲಿ ಮಾತ್ರೆ ತಯಾರಿಸುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಹೊರಗಿನಿಂದ ಬರುವ ಪುಡಿಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಎಷ್ಟೆಷ್ಟಿವೆ ಎಂದು ನೋಡುವುದು ನನ್ನ ಕೆಲಸ. ಚಿಟಿಕೆ ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಅದು ಒಳಗಿರುವುದನ್ನೆಲ್ಲ ಹೇಳಿಬಿಡುತ್ತದೆ. ಅಮ್ಮ ಇದನ್ನು ಊರಿನವರಿಗೆ, "ನನ್ ಮಗಳು ಮಾತ್ರೆ ಕರಗ್ಸೋ ಕೆಲ್ಸ ಮಾಡ್ತಾಳೆ," ಎಂದು ವಿವರಿಸಿದ್ದಳು. ಮದುವೆಯಾದ ಮೇಲೆ ನಾನು ಗಂಡನ ಜೊತೆ ಅತ್ತಿಬೆಲೆಯಲ್ಲಿ ಮನೆ ಮಾಡಿದೆ. ಭಾನುವಾರ ತವರಿಗೆ ಹೋಗುವುದು, ಬಸ್ಸಾರು ಮುದ್ದೆ ಉಂಡು ಮಲಗುವುದು, ವಾರಕ್ಕಾಗುವಷ್ಟು ಸೊಪ್ಪು ಕಟ್ಟಿಸಿಕೊಂಡು ಬರುವುದು. ಸೊಪ್ಪು, ಬೇಳೆ ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಬಸಿದ ಸೊಪ್ಪಿನಲ್ಲಿ ಪಲ್ಯ. ಒಂದೇ ಪಾತ್ರೆಯಿಂದ ಎರಡು ಸುಖ. ಅಮ್ಮ ಒಗ್ಗರಣೆ ಹಾಕಿದರೆ ಮೂರನೇ ಮಹಡಿಯ ಬಾಡಿಗೆಯವರು ಬಾಗಿಲು ತೆಗೆದು ಮೂಸುತ್ತಿದ್ದರು.

ನಾನು ಬಸುರಿಯಾದೆ. ಆಗಂತೂ ಅಮ್ಮನನ್ನು ಹಿಡಿಯುವವರೇ ಇಲ್ಲ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಬಂದ ಬಸಿರು ಅದು. ಅವಳು ಹರಕೆ ಹೊತ್ತುಕೊಳ್ಳದ ದೇವರಿರಲಿಲ್ಲ. "ನನ್ ಮಗಳು ಬಾಣಂತನದಲ್ಲಿ ಅಂಗಡಿ ಸೊಪ್ಪು ತಿನ್ನಂಗಿಲ್ಲ. ನನ್ ಕೈಯಾರೆ ಬೆಳೆದಿದ್ದೇ ತಿನ್ಬೇಕು," ಎಂದು ಗೇಟಿನ ಹತ್ತಿರ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಸಬ್ಬಸಿಗೆ ತಿಂದರೆ ಹಾಲು ಚೆನ್ನಾಗಿ ಬರುತ್ತದಂತೆ. ಅದಕ್ಕೆಂದೇ ಒಂದು ಮಡಿಯನ್ನು ಮೀಸಲಿಟ್ಟು, ಅಲ್ಲಿ ಯಾವ ತಿಂಗಳು ಏನು ಬಿತ್ತಬೇಕು ಎಂದು ಆಗಲೇ ಲೆಕ್ಕ ಹಾಕಿಕೊಂಡಿದ್ದಳು.

ಆ ಹೊತ್ತಿನಲ್ಲೇ ನಮ್ಮ ಲ್ಯಾಬಿನಲ್ಲಿ, ಮಾತ್ರೆಗೆ ಬೆರೆಸಲೆಂದು ಬಂದಿದ್ದ ಒಂದು ಸೊಪ್ಪಿನ ಪುಡಿ ಫೇಲ್ ಆಯಿತು. ಸೀಸ ಮಿತಿ ಮೀರಿತ್ತು. ಕಳಿಸಿದಾತ ಫೋನಿನಲ್ಲಿ ಅಳುವುದೊಂದು ಬಾಕಿ. "ಮೇಡಂ, ಕೆರೆ ಪಕ್ಕದ ತೋಟದ್ದು ಮೇಡಂ. ಸಕ್ಕತ್ ಫ್ರೆಶ್ಶು. ನೀವೇ ಬಂದ್ ನೋಡಿ ಬೇಕಾದ್ರೆ, ಹೆಂಗ್ ಬೆಳ್ದಿದೆ ಅಂತ." ನಾನು ಫೋನ್ ಇಟ್ಟೆ. ಕೆರೆ ಪಕ್ಕ, ಸಕ್ಕತ್ ಫ್ರೆಶ್ಶು. ನನ್ನ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಅಮ್ಮನ ಸೊಪ್ಪು ಮೂರು ಕಟ್ಟು ಕೂತಿತ್ತು.

ನಮ್ಮ ಕೆರೆಯ ಕಥೆ ಯಾರಿಗೆ ಗೊತ್ತಿಲ್ಲ? ಮೇಲಿನ ಬಡಾವಣೆಗಳ ಚರಂಡಿ, ಗ್ಯಾರೇಜು, ಸಣ್ಣಪುಟ್ಟ ವರ್ಕ್‌ಶಾಪುಗಳು ತೊಳೆದು ಬಿಟ್ಟ ನೀರು, ಎಲ್ಲ ಕೊನೆಗೆ ಅಲ್ಲಿಗೇ ಬರುವುದು. ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು, ಅದೇ ನೀರಿನಲ್ಲಿ ಬೆಳೆದ ಸೊಪ್ಪನ್ನು ಮೂಗರಳಿಸಿ ತಿನ್ನುತ್ತಿದ್ದೆವು.

ಕಾರ್ಖಾನೆಯ ಯಂತ್ರದಲ್ಲಿ ಮನೆಯ ಸೊಪ್ಪು ಹಾಕುವಂತಿಲ್ಲ. ಪೀಣ್ಯದಲ್ಲಿ ಆಹಾರ ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿದೆ. ಸೋಮವಾರ ರಜೆ ಹಾಕಿ, ತವರಿಂದಲೇ ಒಂದೊಂದು ಕಟ್ಟು ದಂಟು, ಸಬ್ಬಸಿಗೆ, ಚಕ್ಕೋತ ಹಿಡಿದು ಮೆಟ್ರೋ ಹತ್ತಲು ಹೋದೆ. ಸ್ಕ್ಯಾನ್ ಯಂತ್ರದಿಂದ ಹೊರಬಂದ ಚೀಲವನ್ನು ಸೆಕ್ಯುರಿಟಿಯ ಹೆಂಗಸು ತೆಗೆಸಿದಳು. "ಏನ್ ಮೇಡಂ, ಸೊಪ್ಪಾ? ಅಬ್ಬಾ, ಎಷ್ಟ್ ಚೆನ್ನಾಗೈತೆ! ಎಲ್ಲಿ ತಗೊಂಡ್ರಿ?" ಏನು ಹೇಳಲಿ? ನಮ್ಮ ತೋಟದ್ದು ಅಂದೆ. "ಪುಣ್ಯ ಮಾಡಿದ್ರಿ ಬಿಡಿ," ಎಂದಳು. ವೈಟ್‌ಫೀಲ್ಡಿನಿಂದ ಪೀಣ್ಯದವರೆಗೆ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಾಯಿಸಿ, ಆ ಪುಣ್ಯವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸಬ್ಬಸಿಗೆಯ ಘಮಕ್ಕೆ ಪಕ್ಕದ ಸೀಟಿನ ಮುದುಕಿ ಎರಡು ಸಲ ನನ್ನ ಕಡೆ ತಿರುಗಿ ನಕ್ಕಳು.

ರಿಪೋರ್ಟ್ ಬಂತು. ದಂಟಿನಲ್ಲಿ ಸೀಸ ಜಾಸ್ತಿ, ಚಕ್ಕೋತದಲ್ಲಿ ಕ್ಯಾಡ್ಮಿಯಂ ಜಾಸ್ತಿ, ಸಬ್ಬಸಿಗೆಯಲ್ಲಿ ಎರಡೂ. ನಾನು ಮೊದಲು ನನ್ನ ಡಾಕ್ಟರ ಹತ್ತಿರ ಓಡಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಹೆದರುವಂಥದ್ದೇನೂ ಇಲ್ಲ, ಆದರೆ ಆ ಸೊಪ್ಪನ್ನು ಇವತ್ತಿನಿಂದಲೇ ನಿಲ್ಲಿಸಿ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ತಪ್ಪಿಸಬೇಡಿ, ಅವು ಕಡಿಮೆಯಾದರೆ ಮೈ ಸೀಸವನ್ನು ಇನ್ನೂ ಹೆಚ್ಚಾಗಿ ಎಳೆದುಕೊಳ್ಳುತ್ತದೆ ಎಂದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಮಸಾಲೆದೋಸೆ ತಿಂದೆ. ಅಷ್ಟು ರುಚಿಯಾದ ದೋಸೆಯನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಅಮ್ಮನಿಗೆ ಹೇಳುವುದೇ ಕಷ್ಟವಾಗಿತ್ತು.

"ತೊಳ್ದು ತಾನೇ ಮಾಡೋದು? ಮೂರ್ ಸಲ ತೊಳೀತೀನಿ," ಎಂದಳು.

"ಮೇಲಿಲ್ಲ ಅಮ್ಮ, ಕೆರೆ ನೀರಿಂದ ಎಲೆ ಒಳಗೇ ಸೇರಿದೆ. ಉಪ್ಪಿನಕಾಯಿ ತೊಳೆದ್ರೆ ಉಪ್ಪು ಹೋಗತ್ತಾ?"

"ಇಷ್ಟ್ ವರ್ಷ ತಿಂದಿಲ್ವಾ ನಾವು? ಏನಾಗೈತೆ ನಮ್ಗೆ?" ಇದು ಕುರ್ಚಿಯಿಂದ ಅಪ್ಪ.

"ನಿಮ್ಗೇನಾಗೈತೆ ಅಂತ ನಂಗೊತ್ತು, ಸುಮ್ಕಿರಿ," ಎಂದು ಅಮ್ಮ ಅವನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು. "ಮಗೀಗೆ?"

ಅವಳು ಕೇಳಿದ್ದು ಅದೊಂದೇ. ನಾನು ಸುತ್ತಿ ಬಳಸದೆ ಹೇಳಿದೆ. ಸೀಸ ತಾಯಿಯ ರಕ್ತದಿಂದ ಮಗುವಿಗೆ ದಾಟುತ್ತದೆ. ದೊಡ್ಡವರ ಮೈ ಹೇಗೋ ತಡೆದುಕೊಂಡೀತು; ಬೆಳೆಯುವ ಮಿದುಳಿಗೆ ಅದು ಆಗಿಬರುವುದಿಲ್ಲ, ಮುಂದೆ ಕಲಿಯುವುದರಲ್ಲಿ, ನೆನಪಿನಲ್ಲಿ ತೊಂದರೆಯಾಗುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ನನ್ನ ರಕ್ತ ಸದ್ಯಕ್ಕೆ ಚೆನ್ನಾಗಿದೆ, ಈಗಲೇ ನಿಲ್ಲಿಸಿದರೆ ಭಯವಿಲ್ಲ. ಅಮ್ಮ ಕುಡುಗೋಲು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ಅವಳ ಮುಖ ನೋಡಲಾಗದೆ ನನಗೇ ಅಳು ಬಂತು. ಅವಳು ಅಳಲಿಲ್ಲ. ಕೆರೆಯ ಕಡೆ ನೋಡುತ್ತಾ ಕೂತಿದ್ದು, "ಊಟ ಮಾಡಿದ್ಯಾ?" ಎಂದು ಕೇಳಿ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮಡಿಗಳನ್ನೆಲ್ಲ ಕಿತ್ತು ಹಾಕಿದಳು. ವಾಕಿಂಗಿನ ಹೆಂಗಸರು ಬಂದಾಗ ಬದುವಿಗೆ ಅಡ್ಡ ನಿಂತು, "ನನ್ ಸೊಪ್ಪು ತಿನ್ಬೇಡಿ ಕಣ್ರವ್ವ. ಕೆರೆ ನೀರಲ್ಲಿ ವಿಷ ಐತಂತೆ, ನನ್ ಮಗಳು ಟೆಸ್ಟ್ ಮಾಡ್ಸವ್ಳೆ. ಮಕ್ಕಳಿಗಂತೂ ಕೊಡ್ಲೇಬೇಡಿ," ಎಂದಳು. ಬಚ್ಚಿಡುವುದು ಅವಳ ಜಾಯಮಾನದಲ್ಲೇ ಇಲ್ಲ. ಆದರೆ ಯಾರೂ ನಂಬಲಿಲ್ಲ. "ನಿಜ ಹೇಳಿ ಆಂಟಿ, ಬಿಲ್ಡರ್‌ಗೆ ಕೊಟ್ಬಿಟ್ರಾ?" ಎಂದು ಕೇಳಿದರು. ಒಬ್ಬಾಕೆಯಂತೂ ಕಿತ್ತು ಬಿಸಾಡಿದ ಗುಡ್ಡೆಯಿಂದಲೇ ಒಂದು ಹಿಡಿ ಆರಿಸಿಕೊಳ್ಳಲು ಹೋಗಿ ಅಮ್ಮನ ಕೈಯಲ್ಲಿ ಬೈಸಿಕೊಂಡಳು.

ಮುಂದಿನ ಭಾನುವಾರ ಹೋದಾಗ ಅಮ್ಮ ತಾರಸಿಯ ಮೇಲಿದ್ದಳು. ಸೋತು ಕೂರುವ ಹೆಂಗಸಲ್ಲ ಎಂದು ಗೊತ್ತಿತ್ತು, ಇಷ್ಟು ಬೇಗ ಎಂದುಕೊಂಡಿರಲಿಲ್ಲ. ಬಾಡಿಗೆಯವರ ಬಟ್ಟೆ ಒಣಹಾಕುವ ತಂತಿಗಳೆಲ್ಲ ಒಂದು ಮೂಲೆಗೆ ಹೋಗಿದ್ದವು. ಒಡೆದ ನೀರಿನ ಟ್ಯಾಂಕನ್ನು ಅಡ್ಡಡ್ಡ ಕೊಯ್ಯಿಸಿ ಎರಡು ತೊಟ್ಟಿ ಮಾಡಿಸಿದ್ದಳು. ಜೊತೆಗೆ ಸಾಲು ಸಾಲು ಟಬ್ಬು. ಹಳೇ ಪೇಂಟ್ ಡಬ್ಬಗಳನ್ನೂ ತಂದಿದ್ದಳು. ಬಣ್ಣದಲ್ಲೂ ಸೀಸ ಇರುವುದುಂಟು, ಬೇಡ ಎಂದೆ. ಮರುಮಾತಿಲ್ಲದೆ ಕೆಳಗೆ ಕಳಿಸಿದಳು. "ನೀರು ಕಾವೇರಿದು. ಮಳೆ ಬಂದ್ರೆ ಮಳೆದು. ಇನ್ನೇನು ತಕರಾರು ನಿಂದು?" ಎಂದಳು. ನನ್ನದೇನೂ ತಕರಾರಿರಲಿಲ್ಲ. ನನಗೆ ಅವಳನ್ನು ಎತ್ತಿ ಕುಣಿಯಬೇಕೆನಿಸಿತ್ತು, ಹೊಟ್ಟೆ ಅಡ್ಡ ಬಂತು.

ಅಪ್ಪ ಮಾತ್ರ ದೂರಿದ. "ಮನೆ ಕಟ್ಸಿರೋದು ಜನ ಇರಕ್ಕೆ. ಇವ್ಳು ಹೊಲ ಎತ್ಕೊಂಬಂದು ತಲೆ ಮೇಲೆ ಇಕ್ಕವ್ಳೆ." ಈ ಮಾತು ಎಷ್ಟು ನಿಜ ಎಂದು ಆಗ ನನಗೆ ಹೊಳೆಯಲಿಲ್ಲ.

ತಾರಸಿಯ ಸೊಪ್ಪು ಬೆಳೆದ ರಭಸ ನೋಡಿದರೆ ಕಣ್ಣು ತಂಪಾಗುತ್ತಿತ್ತು. ಎಲೆ ಅಂಗೈ ಅಗಲ, ದಂಟು ಹೆಬ್ಬೆರಳು ದಪ್ಪ. ಅಮ್ಮ ಅದನ್ನು ಯಾರಿಗೂ ಮುಟ್ಟಗೊಡದೆ ನನ್ನ ಏಳನೇ ತಿಂಗಳ ಸೀಮಂತಕ್ಕೆ ಕಾಪಾಡಿದಳು. ಮಡಿಲು ತುಂಬುವ ದಿನ ಹೋಳಿಗೆ, ಪಾಯಸ ಏನೇ ಇರಲಿ, ಮೊದಲ ತುತ್ತು ತನ್ನ ಸೊಪ್ಪಿನ ಬಸ್ಸಾರಿನದೇ ಆಗಬೇಕು ಎಂದು ಹಟ. ಸೀಮಂತಕ್ಕೆ ಬಸ್ಸಾರು ಮಾಡಿದ ಮನೆ ಸುತ್ತ ಏಳೂರಲ್ಲಿ ನಮ್ಮದೊಂದೇ ಇರಬೇಕು.

ಆ ದಿನ ಮನೆ ತುಂಬ ನೆಂಟರು. ಅಮ್ಮನ ತವರು ಮಾಲೂರಿನ ಕಡೆ. ಅಲ್ಲಿಂದ ನನ್ನ ಸೋದರಮಾವನೂ ಬಂದಿದ್ದ. ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ರೇಷ್ಮೆ ಸೀರೆ ಉಡಿಸಿ ನನ್ನನ್ನು ಕೂರಿಸಿದರು. ಸೆಕೆ ತಡೆಯಲಾಗದೆ ಗಾಳಿಗೆಂದು ಮೆಲ್ಲಗೆ ತಾರಸಿ ಹತ್ತಿದೆ. ಆಗ ತಾನೇ ಕೊಯ್ದ ದಂಟಿನ ಬುಡಗಳಲ್ಲಿ ಇನ್ನೂ ನೀರು ಒಸರುತ್ತಿತ್ತು. ಸುಮ್ಮನೆ ತೊಟ್ಟಿಯ ಮಣ್ಣಿಗೆ ಬೆರಳು ಹಾಕಿದೆ. ಕಪ್ಪು, ನುಣುಪು, ಬೆಣ್ಣೆಯಂಥ ಮಣ್ಣು. ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಒಂದು ಸಣ್ಣ ಬಿಳಿ ಚಿಪ್ಪು. ಪಕ್ಕದಲ್ಲಿ ಇನ್ನೊಂದು. ನೀರಿನಲ್ಲಿ ಬದುಕುವ ಬಸವನಹುಳುವಿನ ಚಿಪ್ಪುಗಳು. ನಾಲ್ಕನೇ ಮಹಡಿಯ ಮೇಲೆ.

ನಾನು ಮೆಟ್ಟಿಲಿನಿಂದಲೇ ಕೂಗಿದೆ. "ಅಮ್ಮಾ! ಈ ಮಣ್ಣು ಎಲ್ಲಿಂದ ತಂದೆ?"

ಅಮ್ಮ ಸೌಟು ಹಿಡಿದೇ ಮೇಲೆ ಬಂದಳು. "ಮಣ್ಣಲ್ಲ ಕಣೇ, ಗೋಡು. ಕೆರೆ ಗೋಡು. ಬೇಸಿಗೇಲಿ ಹೂಳು ತೆಗ್ದು ದಡದ ಮೇಲೆ ಸುರ್ದಿದ್ರಲ್ಲ, ಆಟೋದಲ್ಲಿ ತರ್ಸ್ದೆ. ಗೋಡು ಆಕ್ದೆ ಇದ್ರೆ ಸೊಪ್ಪು ಇಂಗೆ ಬತ್ತದಾ?" ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನನ್ನ ಮುಖ ನೋಡಿ ಅದು ಇಳಿಯಿತು. "ಯಾಕೇ? ನೀನು ನೀರು ತಾನೇ ಬ್ಯಾಡ ಅಂದಿದ್ದು?"

ಹೌದು, ನಾನು ನೀರು ನೀರು ಎಂದೇ ಬಡಿದುಕೊಂಡಿದ್ದೆ. ಕೆರೆಗೆ ಬಂದ ಲೋಹವೆಲ್ಲ ಕೊನೆಗೆ ತಳಕ್ಕೆ ಇಳಿದು ಗೋಡಿನಲ್ಲೇ ಕೂರುವುದು. ನೀರಿಗಿಂತ ಅದೇ ಕೆಟ್ಟದ್ದು. ಆದರೆ ಕೆರೆಯ ಊರಿನಲ್ಲಿ ಬಾಳಿದವರಿಗೆ ಗೋಡು ಎಂದರೆ ಅಮೃತ. ನನ್ನ ತಾತ ಪ್ರತಿ ಬೇಸಿಗೆ ಕೆರೆ ಬತ್ತಿದಾಗ ಗಾಡಿಗಟ್ಟಲೆ ಗೋಡು ಹೊಡೆಸಿ ಹೊಲಕ್ಕೆ ಹರಡುತ್ತಿದ್ದನಂತೆ. ಗೋಡು ಬಿದ್ದ ವರ್ಷ ರಾಗಿ ತೆನೆ ಬಾಗುತ್ತಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ನರ್ಸರಿಯಿಂದ ಚೀಲದ ಮಣ್ಣು ತಂದು ಸುಮ್ಮನಿರುತ್ತಿದ್ದರು. ಮಗಳಿಗೆ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಬೇಕೆಂದು ಹೊರಟ ನಮ್ಮಮ್ಮ, ಬೇಡವೆಂದು ಬಿಟ್ಟ ಕೆರೆಯನ್ನೇ ನಾಲ್ಕು ಮಹಡಿ ಹತ್ತಿಸಿದ್ದಳು.

ನಾನು ಹೇಳಿ ಮುಗಿಸುವ ಮೊದಲೇ ಅಮ್ಮ ಕೆಳಗೆ ಓಡಿದಳು. ಒಲೆಯ ಮೇಲೆ ಕುದಿಯುತ್ತಿದ್ದ ಬಸ್ಸಾರಿನ ದೊಡ್ಡ ಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸಿ, ನೆಂಟರೆಲ್ಲ ಬಾಯಿ ಬಿಟ್ಟು ನೋಡುತ್ತಿರುವಾಗಲೇ ಹಿತ್ತಲ ಗುಂಡಿಗೆ ಸುರಿದುಬಿಟ್ಟಳು. ಘಮ ಮಾತ್ರ ಮನೆಯಲ್ಲೇ ಉಳಿಯಿತು. "ಏನಾಯ್ತಕ್ಕ, ಹಲ್ಲಿ ಬಿತ್ತಾ?" ಎಂದು ಮಾವ ಕೇಳಿದ. "ಕೆರೆ ಬಿತ್ತು," ಎಂದಳು ಅಮ್ಮ. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿದ್ದ ಮಗುವೂ ಒದೆಯಿತು. ನನ್ನನ್ನು ನೋಡಿ ಅಮ್ಮನೂ ನಗಲು ಶುರುಮಾಡಿದಳು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. "ನಮ್ನೆಲ್ಲ ಸಾಕಿದ್ ಕೆರೆ ಕಣೋ ಅದು," ಎಂದು ತಮ್ಮನಿಗೆ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಎದ್ದು ಬಂದು, ಯಾವತ್ತೂ ಇಲ್ಲದ್ದು, ಅವಳ ಪಕ್ಕ ನೆಲದ ಮೇಲೆ ಕೂತ.

ಊಟಕ್ಕೆ ಹೆಸರುಕಾಳಿನ ಸಾರು ಮಾಡಿದರು. ಎಲ್ಲರೂ ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗ ಅಮ್ಮ ತಮ್ಮನ ಮುಂದೆ ಹೋಗಿ ನಿಂತಳು.

"ನಂಗೊಂದು ಕೊಡ್ತೀಯಾ?"

"ಏನಕ್ಕ? ಸೀರೆ ತಾನೇ? ಹಬ್ಬಕ್ಕೆ ತರ್ತೀನಿ."

"ಸೀರೆ ಮನೆ ತುಂಬ ಐತೆ. ಮಣ್ಣು ಕೊಡು. ಮನೆ ಹಿಂದ್ಗಡೆ ಹುಣಸೇಮರದ ಹತ್ರ ಕೆಮ್ಮಣ್ಣು ಐತಲ್ಲ, ಅದು. ಅಲ್ಗೆ ಯಾವ್ ಕೆರೆ ನೀರೂ ಬರಾಕಿಲ್ಲ."

ಮಾವ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಮದುವೆಯಾಗಿ ಬಂದಾಗಿನಿಂದ ತವರಿನಿಂದ ಬಾಯಿಬಿಟ್ಟು ಏನನ್ನೂ ಕೇಳಿರದ ಅಕ್ಕ, ಕೇಳಿದ್ದು ಮಣ್ಣು. "ತಕೋ ಅಕ್ಕ, ಬೆಟ್ಟವನ್ನೇ ತರ್ತೀನಿ," ಎಂದ.

ನಾನು ಸುಮ್ಮನೆ ಬಿಡಲಿಲ್ಲ. ಮೊದಲು ಒಂದು ಚೀಲ ತರಿಸಿ ಪೀಣ್ಯಕ್ಕೆ ಕಳಿಸಿದೆ. ಮಣ್ಣು ಪಾಸಾಯಿತು. ಆಮೇಲೆ ಮಾವ ಟೆಂಪೋ ತುಂಬ ತಂದ. ಬಾಡಿಗೆಯವರೆಲ್ಲ ಸೇರಿ, ಅಲ್ಲಿಯವರೆಗೆ ತಂತಿಗಾಗಿ ಮುನಿಸಿಕೊಂಡಿದ್ದವರೂ ಸೇರಿ, ಕಪ್ಪು ಗೋಡನ್ನು ಇಳಿಸಿ ಕೆಂಪು ಮಣ್ಣನ್ನು ಹತ್ತಿಸಿದರು. ಟೆಂಪೋದಿಂದ ಮೊದಲ ಬೊಗಸೆಯನ್ನು ಅಮ್ಮ ಸೆರಗೊಡ್ಡಿ ಈಸಿಕೊಂಡಳು, ಮಡಿಲಕ್ಕಿ ಈಸಿಕೊಳ್ಳುವ ಹಾಗೆ. ನನ್ನ ಸೀಮಂತದಲ್ಲಿ ಬರದ ಕಣ್ಣೀರು ನನಗೆ ಆಗ ಬಂತು. ಸೊಪ್ಪು ಬಂದ ಮೇಲೆ ಅದನ್ನೂ ಪರೀಕ್ಷೆ ಮಾಡಿಸಿದೆ. ಪಾಸು. ಕೆಮ್ಮಣ್ಣಿನ ಎಲೆ ಅಂಗೈಯಗಲ ಬರಲಿಲ್ಲ, ಅರ್ಧವಷ್ಟೇ ಬಂತು. ಅಮ್ಮ ಮೂಗು ಮುರಿದಳು, ಆದರೂ ದಿನಾ ಎರಡು ಹೊತ್ತು ಅದರ ಜೊತೆ ಮಾತಾಡಿ ಬೆಳೆಸಿದಳು.

ಕೆರೆಯ ಪಕ್ಕದ ನೆಲ ಪಾಳು ಬೀಳಲಿಲ್ಲ. ಈಗ ಅಲ್ಲಿ ಚೆಂಡು ಹೂ, ಸೇವಂತಿಗೆ. ತಾರಸಿಯ ಗೋಡೂ ಅಲ್ಲಿಗೇ ಹೋಯಿತು. "ದೇವ್ರೇನು ಊವ ತಿಂತಾನಾ? ಮುಡ್ಕೋತಾನೆ," ಎನ್ನುತ್ತಾಳೆ. ವಾಕಿಂಗಿನ ಹೆಂಗಸರು ಈಗ ಹೂವಿಗೆ ಬರುತ್ತಾರೆ. ಹೂ ತಿನ್ನಬೇಡಿ ಎಂದು ಅವರಿಗೆ ಹೇಳುವುದನ್ನು ಅಮ್ಮ ಮರೆಯುವುದಿಲ್ಲ. ಅವರು ಅದನ್ನು ತಮಾಷೆ ಎಂದುಕೊಂಡು ನಗುತ್ತಾರೆ.

ಮಗಳು ಹುಟ್ಟಿದಳು. ಬಾಣಂತನದ ಉದ್ದಕ್ಕೂ ಸಬ್ಬಸಿಗೆ ಸೊಪ್ಪು ಒಂದಲ್ಲ ಒಂದು ರೂಪದಲ್ಲಿ ತಟ್ಟೆಗೆ ಬಂತು: ಪಲ್ಯ, ರೊಟ್ಟಿ, ಸಾರು. ಅಮ್ಮ ಕೈಯಾರೆ ಬೆಳೆದದ್ದೇ. ಸಾಕಮ್ಮ ಎಂದರೆ, "ತಿನ್ನು, ನಿನ್ ಲ್ಯಾಬೇ ಪಾಸ್ ಮಾಡೈತೆ," ಎಂದು ಇನ್ನೊಂದು ಸೌಟು ಬಡಿಸುತ್ತಿದ್ದಳು.

ಈಗ ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ಕಳೆದ ಭಾನುವಾರ ಅಜ್ಜಿ ಮೊಮ್ಮಗಳು ಇಬ್ಬರೂ ತಾರಸಿಯಲ್ಲಿದ್ದರು. ನಾನು ಮೆಟ್ಟಿಲು ಹತ್ತಿ ಬರುವುದಕ್ಕೂ ಮಗಳು ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಕೆಂಪು ಮಣ್ಣನ್ನು ಬಾಯಿಗೆ ತುಂಬಿಕೊಳ್ಳುವುದಕ್ಕೂ ಸರಿಹೋಯಿತು. ಅಯ್ಯೋ ಎಂದು ಓಡಿದೆ. ಬೆರಳು ಹಾಕಿ ಬಾಯಿ ಶುಚಿ ಮಾಡುತ್ತಿದ್ದರೆ ಅವಳು ತುಟಿಯೆಲ್ಲ ಕೆಂಪು ಮಾಡಿಕೊಂಡು ಕಿಲಕಿಲ ನಗುತ್ತಿದ್ದಳು.

ಅಮ್ಮ ಕೂತಲ್ಲಿಂದ ಏಳಲೇ ಇಲ್ಲ. ಸೊಪ್ಪು ಬಿಡಿಸುತ್ತಾ, "ಯಾಕಂಗ್ ಓಡ್ತೀಯೇ?" ಎಂದಳು. "ನನ್ ತವರಿನ್ ಮಣ್ಣು ಅದು. ತಿನ್ಲಿ ಬಿಡು."